ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಆ್ಯಪ್ ಆಧಾರಿತ ಟ್ಯಾಕ್ಸಿಗಳ ಬಾಡಿಗೆ ದರ: ಕಾವೂರು ಹಾಗೂ ಮಂಗಳೂರು ನಗರದ ಪ್ರಯಾಣಿಕರಿಗೆ ಮಾಹಿತಿ

ಮೊಬೈಲ್ ಆ್ಯಪ್ ಮುಖಾಂತರ ಕಾಯ್ದಿರಿಸುವ ಟ್ಯಾಕ್ಸಿ ಮತ್ತು ಆಟೋರಿಕ್ಷಾಗಳ ಬಾಡಿಗೆಯು ಸಾಂಕ್ರಾಮಿಕ ರೋಗ ಹರಡಿರುವ ಕಾಲದಲ್ಲಿ ಹೇಗೆ ಬದಲಾಗುತ್ತದೆ, ಅಂತಹ ಬದಲಾವಣೆಗೆ ಕಾನೂನಿನಲ್ಲಿ ಎಷ್ಟರಮಟ್ಟಿಗೆ ಅವಕಾಶವಿದೆ, ನಿಗದಿತ ದರಕ್ಕಿಂತ ಹೆಚ್ಚಿನ ಹಣ ತೆತ್ತವರು ಯಾರಿಗೆ ದೂರು ಸಲ್ಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ. 2020 ಮತ್ತು 2021ನೇ ಸಾಲಿನ ಕೋವಿಡ್-19 ಅವಧಿಯ ಅನುಭವವನ್ನು ಇದಕ್ಕೆ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಕಾವೂರನ್ನು ಉದಾಹರಣೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಮಂಗಳೂರು ನಗರದಿಂದ ಬಜ್ಪೆ ಸಮೀಪದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯಲ್ಲಿ ಈ ಪ್ರದೇಶವಿದೆ. ಇಲ್ಲಿಯ ನಿವಾಸಿಗಳು ಹಂಪನಕಟ್ಟೆಯ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಗೆ ಅಥವಾ ಸ್ಟೇಟ್ ಬ್ಯಾಂಕ್ ಪರಿಸರದ ಕಛೇರಿಗಳಿಗೆ ತೆರಳಲು ಬಹುಮಟ್ಟಿಗೆ ಖಾಸಗಿ ಸಿಟಿ ಬಸ್ಸುಗಳನ್ನು ಅವಲಂಬಿಸಿದ್ದಾರೆ. ಬಸ್ಸು ನಿಂತ ದಿನ, ಸ್ವಂತ ವಾಹನವಿಲ್ಲದ ಕುಟುಂಬಕ್ಕೆ ಆಟೋ ಅಥವಾ ಟ್ಯಾಕ್ಸಿಯ ಹೊರತು ಅನ್ಯ ಮಾರ್ಗವಿರುವುದಿಲ್ಲ. ರೋಗಿಯನ್ನು ಕರೆದೊಯ್ಯುವವರು ದರ ವಿಚಾರಿಸುವ ಸ್ಥಿತಿಯಲ್ಲಿಯೂ ಇರುವುದಿಲ್ಲ.

ದರ ನಿಗದಿಪಡಿಸುವ ಅಧಿಕಾರ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 67ರ ಮೇರೆಗೆ ಬಾಡಿಗೆ ವಾಹನಗಳ ದರದ ಕುರಿತು ನಿರ್ದೇಶನ ನೀಡುವ ಅಧಿಕಾರವು ರಾಜ್ಯ ಸರ್ಕಾರಕ್ಕೆ ಇದೆ. 2019ರ ತಿದ್ದುಪಡಿಯ ತರುವಾಯ ಪ್ರಕರಣ 93ರ ಅಡಿಯಲ್ಲಿ ಆ್ಯಪ್ ಸಂಸ್ಥೆಗಳೂ ಲೈಸೆನ್ಸ್ ಪಡೆಯುವುದು ಕಡ್ಡಾಯವಾಗಿದೆ. ಕರ್ನಾಟಕದಲ್ಲಿ ಇದಕ್ಕಿಂತ ಮುಂಚೆಯೇ, 2016ರಲ್ಲಿ, ಇಂತಹ ಸಂಸ್ಥೆಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಲಾಗಿತ್ತು. ಸರ್ಕಾರವು ಕಾಲಕಾಲಕ್ಕೆ ನಿಗದಿಪಡಿಸುವ ದರಕ್ಕಿಂತ ಹೆಚ್ಚು ವಸೂಲಿ ಮಾಡತಕ್ಕದ್ದಲ್ಲ ಎಂಬುದು ಆ ನಿಯಮಗಳಲ್ಲಿ ಪ್ರಯಾಣಿಕರಿಗೆ ಅತಿ ಮುಖ್ಯವಾದ ಅಂಶ. ಆಟೋರಿಕ್ಷಾಗಳ ಮೀಟರ್ ದರವನ್ನು ಆಯಾ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ನಿರ್ಧರಿಸುತ್ತದೆ. ಆದ್ದರಿಂದ ಬೆಂಗಳೂರಿನ ಆಟೋ ದರವನ್ನು ಪತ್ರಿಕೆಯಲ್ಲಿ ಓದಿ ಮಂಗಳೂರಿನ ಚಾಲಕರೊಡನೆ ವಾದಿಸುವುದು ಸರಿಯಾಗದು.

ಬೇಡಿಕೆಗೆ ತಕ್ಕಂತೆ ಏರುವ ದರ

ಆ್ಯಪ್ ಸಂಸ್ಥೆಗಳು ನಗರವನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಆ ಕ್ಷಣಕ್ಕೆ ವಾಹನ ಕೋರಿದವರೆಷ್ಟು, ಖಾಲಿ ಇರುವ ವಾಹನಗಳೆಷ್ಟು ಎಂಬುದನ್ನು ತುಲನೆ ಮಾಡುತ್ತವೆ. ಕೋರಿಕೆ ಹೆಚ್ಚಾಗಿ ವಾಹನ ಕಡಿಮೆಯಾದಾಗ ಮೂಲ ದರವನ್ನು ಒಂದೂಕಾಲು, ಒಂದೂವರೆ, ಎರಡು ಹೀಗೆ ಗುಣಿಸಲಾಗುತ್ತದೆ. ದರ ಏರಿದರೆ ದೂರದ ಚಾಲಕರು ಅತ್ತ ಬರುವರು, ತುರ್ತು ಇಲ್ಲದವರು ಪ್ರಯಾಣ ಮುಂದೂಡುವರು, ಹೀಗೆ ಸಮತೋಲನ ಉಂಟಾಗುವುದು ಎಂಬುದು ಇದರ ಹಿಂದಿನ ವಾದ. ವಾಣಿಜ್ಯಶಾಸ್ತ್ರದ ಪ್ರಥಮ ಪಾಠವೇ ಇದು, ಮತ್ತು ಮಳೆ ಬಂದ ಸಂಜೆಯ ಮಟ್ಟಿಗೆ ಇದರಲ್ಲಿ ತಥ್ಯವೂ ಇದೆ.

ಆದರೆ ಸಾಂಕ್ರಾಮಿಕ ರೋಗದ ಕಾಲದಲ್ಲಿ ಈ ವಾದದ ಎರಡೂ ಕಾಲುಗಳು ಕುಸಿಯುತ್ತವೆ. ಸೋಂಕಿನ ಭಯದಿಂದಲೋ, ಸಂಚಾರ ನಿರ್ಬಂಧದಿಂದಲೋ, ಊರಿಗೆ ಹಿಂದಿರುಗಿರುವುದರಿಂದಲೋ ರಸ್ತೆಗೆ ಇಳಿಯದ ಚಾಲಕನು ದರ ಎರಡು ಪಟ್ಟಾದ ಮಾತ್ರಕ್ಕೆ ಬರುವುದಿಲ್ಲ. ಡಯಾಲಿಸಿಸ್‌ಗೆ ಹೋಗಬೇಕಾದವರು ಪ್ರಯಾಣ ಮುಂದೂಡಲು ಬರುವುದಿಲ್ಲ. ಪೂರೈಕೆಯೂ ಹಿಗ್ಗದೆ, ಅಗತ್ಯವೂ ಕುಗ್ಗದೆ ಇರುವಲ್ಲಿ ಏರಿದ ದರವು ಇರುವ ಕೆಲವೇ ವಾಹನಗಳನ್ನು ಹಣವುಳ್ಳವರ ಕಡೆಗೆ ತಿರುಗಿಸುತ್ತದೆಯಷ್ಟೆ. ದರಕ್ಕೆ ಮಿತಿ ಇರಬೇಕೆಂಬುದಕ್ಕೆ ಇದೇ ಮೂಲ ಕಾರಣ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2012ರ ಸ್ಯಾಂಡಿ ಚಂಡಮಾರುತದ ನಂತರ ಇಂತಹ ಆಕ್ಷೇಪಣೆಗಳು ಎದ್ದವು. 2014ರ ಜುಲೈಯಲ್ಲಿ ಅಲ್ಲಿಯ ಅಟಾರ್ನಿ ಜನರಲ್ ಅವರೊಡನೆ ಊಬರ್ ಸಂಸ್ಥೆಯು ತುರ್ತು ಪರಿಸ್ಥಿತಿಗಳಲ್ಲಿ ದರ ಏರಿಕೆಗೆ ಮಿತಿ ಹಾಕಿಕೊಳ್ಳಲು ಒಪ್ಪಿತು. ನಮ್ಮ ರಾಜ್ಯದಲ್ಲಿ 2018ರಲ್ಲಿಯೇ ಬೆಂಗಳೂರು ನಗರದ ಆ್ಯಪ್ ಟ್ಯಾಕ್ಸಿಗಳಿಗೆ ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಗೊತ್ತುಪಡಿಸಲಾಗಿತ್ತು. ಸಣ್ಣ ಕಾರುಗಳಿಗೆ ಮೊದಲ 4 ಕಿ.ಮೀ.ಗೆ 44 ರೂ., ಆನಂತರ ಪ್ರತಿ ಕಿ.ಮೀ.ಗೆ 11ರಿಂದ 22 ರೂ. ಎಂದಿತ್ತು. ಅಂದರೆ ಏರಿಕೆಯು ಎರಡು ಪಟ್ಟನ್ನು ಮೀರುವಂತಿರಲಿಲ್ಲ.

2020 ಮತ್ತು 2021ರಲ್ಲಿ ನಡೆದದ್ದು

ದಕ್ಷಿಣ ಕನ್ನಡ ಜಿಲ್ಲೆಯ ಪ್ರಥಮ ಕೋವಿಡ್ ಪ್ರಕರಣವು 2020ರ ಮಾರ್ಚ್ 22ರಂದು ದೃಢಪಟ್ಟಿತು. ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಆ್ಯಪ್ ಸಂಸ್ಥೆಗಳು ಅದಕ್ಕೂ ಕೆಲವು ದಿನ ಮುಂಚೆಯೇ, ಅಪರಿಚಿತರು ಒಂದೇ ವಾಹನದಲ್ಲಿ ಹಂಚಿಕೊಂಡು ಪ್ರಯಾಣಿಸುವ ಸೌಲಭ್ಯವನ್ನು ನಿಲ್ಲಿಸಿದವು. ಎಲ್ಲಕ್ಕಿಂತ ಅಗ್ಗವಾಗಿದ್ದ ಆಯ್ಕೆಯು ಹೀಗೆ ಇಲ್ಲವಾಯಿತು. ಮೂಲ ದರ ಒಂದು ರೂಪಾಯಿಯೂ ಏರದಿದ್ದರೂ, ಆ ಸೌಲಭ್ಯವಿದ್ದ ನಗರಗಳಲ್ಲಿ ಪ್ರಯಾಣಿಕನ ವೆಚ್ಚ ಏರಿತು.

ಸಾರ್ವಜನಿಕರು ಗಮನಿಸಬೇಕಾದ ಮುಖ್ಯ ಸಂಗತಿಯು ಇದೇ ಆಗಿದೆ. ಆರೋಗ್ಯ ವಿಪತ್ತಿನಲ್ಲಿ ಪ್ರಯಾಣ ವೆಚ್ಚದ ಏರಿಕೆಯು ಬಹುಪಾಲು ಆ್ಯಪ್‌ನ ಪರದೆಯ ಮೇಲೆ ‘ಇಷ್ಟು ಪಟ್ಟು’ ಎಂದು ಕಾಣಿಸಿಕೊಳ್ಳುವುದಿಲ್ಲ. ಊರಿನಲ್ಲಿ ಸಂಚಾರವೇ ಕುಗ್ಗಿರುವಾಗ ಒಟ್ಟಾರೆ ಬೇಡಿಕೆಯೂ ಕುಗ್ಗಿರುತ್ತದೆ. ಏರಿಕೆಯು ಬೇರೆ ಬಾಗಿಲುಗಳಿಂದ ಪ್ರವೇಶಿಸುತ್ತದೆ.

ಅವುಗಳಲ್ಲಿ ಮೊದಲನೆಯದು ಆಸನ ಮಿತಿ. 2020ರ ಮೇ 19ರಿಂದ ರಾಜ್ಯದಲ್ಲಿ ಆಟೋ ಮತ್ತು ಟ್ಯಾಕ್ಸಿಗಳಿಗೆ ಮರಳಿ ಅನುಮತಿ ದೊರೆತಾಗ ಚಾಲಕರ ಹೊರತು ಇಬ್ಬರು ಪ್ರಯಾಣಿಕರಿಗೆ ಮಾತ್ರ ಅವಕಾಶವಿತ್ತು. ನಾಲ್ವರ ಕುಟುಂಬವೊಂದು ಕಾವೂರಿನಿಂದ ರೈಲು ನಿಲ್ದಾಣಕ್ಕೆ ಹೋಗಬೇಕಾದಲ್ಲಿ ಎರಡು ವಾಹನ ಬೇಕಾಯಿತು. ಪ್ರತಿಯೊಂದು ವಾಹನವೂ ನ್ಯಾಯವಾದ ದರವನ್ನೇ ಪಡೆದರೂ ಕುಟುಂಬದ ಖರ್ಚು ದ್ವಿಗುಣವಾಯಿತು. ಸೋಂಕು ತಡೆಗೆ ಈ ನಿರ್ಬಂಧ ಅವಶ್ಯಕವೇ ಆಗಿತ್ತು, ಆದರೆ ಅದರ ವೆಚ್ಚ ಯಾರ ಮೇಲೆ ಬಿತ್ತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.

ಎರಡನೆಯದು ದೂರ. ವೆನ್‌ಲಾಕ್ ಆಸ್ಪತ್ರೆಯನ್ನು ಕೋವಿಡ್ ಚಿಕಿತ್ಸೆಗೆ ಮೀಸಲಿರಿಸಿದಾಗ ಇತರೆ ರೋಗಿಗಳನ್ನು ಖಾಸಗಿ ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜುಗಳತ್ತ ಕಳುಹಿಸಬೇಕಾಯಿತು. ಹಂಪನಕಟ್ಟೆಗೆ ಹೋಗಿ ಬರುತ್ತಿದ್ದ ರೋಗಿಯು ನೇತ್ರಾವತಿ ಸೇತುವೆಯಾಚೆಯ ದೇರಳಕಟ್ಟೆಗೆ ಹೋಗಬೇಕಾದರೆ ದೂರ ಸುಮಾರು ಎರಡು ಪಟ್ಟಾಗುತ್ತದೆ. 2021ರ ಜೂನ್ 15ರಂದು ಕಾವೂರಿನ ಜನರಿಗೆ ಇನ್ನೊಂದು ತೊಡಕು ಎದುರಾಯಿತು. ಎರಡನೆಯ ಅಲೆಯ ನಿರ್ಬಂಧಗಳು ಇನ್ನೂ ಇದ್ದಾಗಲೇ ವಿಮಾನ ನಿಲ್ದಾಣ ರಸ್ತೆಯ ಮರವೂರು ಸೇತುವೆಯ ಒಂದು ಭಾಗ ಕುಸಿದು ಸಂಚಾರ ಸ್ಥಗಿತಗೊಂಡಿತು. ವಾಹನಗಳು ವಾಮಂಜೂರು, ಗುರುಪುರ, ಕೈಕಂಬ ಮಾರ್ಗವಾಗಿ ಅಥವಾ ಕೂಳೂರು, ಜೋಕಟ್ಟೆ ಕಡೆಯಿಂದ ಬಜ್ಪೆ ತಲುಪಬೇಕಾಯಿತು. ಫಲ್ಗುಣಿ ನದಿಯ ಆಚೆ ದಡದಲ್ಲಿಯೇ ಇರುವ ವಿಮಾನ ನಿಲ್ದಾಣವು ಕಾವೂರಿನವರಿಗೆ ಏಕಾಏಕಿ ದೂರದ ಊರಾಯಿತು. ಇಂತಹ ಸನ್ನಿವೇಶದಲ್ಲಿ ಹೆಚ್ಚುವರಿ ಕಿಲೋಮೀಟರುಗಳಿಗೆ ನಿಗದಿತ ದರದಲ್ಲಿ ಹಣ ಕೇಳುವುದು ಅಕ್ರಮವಲ್ಲ, ಆದರೆ ದಾರಿ ಸುತ್ತುಬಳಸಾಗಿದೆ ಎಂಬ ನೆಪದಲ್ಲಿ ಬಾಯಿಗೆ ಬಂದ ಮೊತ್ತ ಹೇಳುವುದು ಅಕ್ರಮ. ಇವೆರಡರ ವ್ಯತ್ಯಾಸ ತಿಳಿಯಲು ಕ್ರಮಿಸಿದ ದೂರವನ್ನು ಬರೆದಿಟ್ಟುಕೊಳ್ಳುವುದೇ ಉಪಾಯ.

ಮೂರನೆಯದು, ಮತ್ತು ಹೆಚ್ಚು ಆಕ್ಷೇಪಾರ್ಹವಾದುದು, ಆ್ಯಪ್‌ನ ಹೊರಗೆ ನಡೆಯುವ ವ್ಯವಹಾರ. ಚಾಲಕನು ಕೋರಿಕೆಯನ್ನು ಒಪ್ಪಿ, ದೂರವಾಣಿಯಲ್ಲಿ ಸ್ಥಳ ವಿಚಾರಿಸಿ, ‘ಹಿಂದಿರುಗುವಾಗ ಬಾಡಿಗೆ ಸಿಗುವುದಿಲ್ಲ, ಇಷ್ಟು ಕೊಟ್ಟರೆ ಮಾತ್ರ ಬರುತ್ತೇನೆ’ ಎನ್ನುವುದು, ಒಪ್ಪದಿದ್ದರೆ ಪ್ರಯಾಣಿಕರೇ ರದ್ದುಪಡಿಸಲೆಂದು ಕಾಯುವುದು. ಸಂಸ್ಥೆಯ ದಾಖಲೆಯಲ್ಲಿ ಇದು ಕೇವಲ ರದ್ದಾದ ಪ್ರಯಾಣ. ತೆತ್ತ ಹಣಕ್ಕೆ ರಸೀದಿ ಇರುವುದಿಲ್ಲ, ದರ ಮೀರಿದ ಬಗ್ಗೆ ಪುರಾವೆಯೂ ಇರುವುದಿಲ್ಲ. 2021ರ ಏಪ್ರಿಲ್ 27ರ ರಾತ್ರಿಯಿಂದ ಜಾರಿಯಾದ ನಿರ್ಬಂಧಗಳಲ್ಲಿ ಟ್ಯಾಕ್ಸಿ ಮತ್ತು ಆಟೋಗಳನ್ನು ತುರ್ತು ಕಾರ್ಯಗಳಿಗೆ ಹಾಗೂ ಅನುಮತಿಸಿದ ಉದ್ದೇಶಗಳಿಗೆ ಮಾತ್ರ ಬಳಸಬಹುದಿತ್ತು. ರೈಲು ಮತ್ತು ವಿಮಾನಗಳು ಸಂಚರಿಸುತ್ತಿದ್ದು, ಪ್ರಯಾಣದ ಟಿಕೆಟ್ಟನ್ನೇ ಸಂಚಾರದ ಪಾಸ್ ಎಂದು ಪರಿಗಣಿಸಲಾಗುತ್ತಿತ್ತು. ವಾಹನ ವಿರಳ, ಹೋಗಲೇಬೇಕಾದ ಪ್ರಯಾಣಿಕ, ಕರ್ಫ್ಯೂ ಆರಂಭವಾಗುವ ಗಡುವು, ಈ ಮೂರೂ ಕೂಡಿದಲ್ಲಿ ಆ್ಯಪ್‌ನ ಹೊರಗಿನ ಚೌಕಾಸಿಗೆ ಎಲ್ಲ ಅನುಕೂಲವೂ ಒದಗುತ್ತದೆ.

ಚಾಲಕರ ಪಕ್ಷವನ್ನು ಹೇಳದಿದ್ದರೆ ವಿಷಯ ಅಪೂರ್ಣವಾದೀತು. 2020ರ ಮೇ ಮೊದಲ ವಾರದಲ್ಲಿ ಕೇಂದ್ರ ಸರ್ಕಾರವು ಇಂಧನದ ಮೇಲಿನ ತೆರಿಗೆಯನ್ನು ಪೆಟ್ರೋಲಿಗೆ ಲೀಟರಿಗೆ 10 ರೂ., ಡೀಸೆಲ್‌ಗೆ 13 ರೂ. ಹೆಚ್ಚಿಸಿತು. 2021ರ ಜೂನ್ ವೇಳೆಗೆ ಬೆಂಗಳೂರಿನಲ್ಲಿ ಪೆಟ್ರೋಲ್ ದರ ನೂರು ರೂಪಾಯಿ ದಾಟಿತು. ವಾಹನ ಸಾಲದ ಕಂತುಗಳನ್ನು 2020ರ ಮಾರ್ಚ್‌ನಿಂದ ಆಗಸ್ಟ್ ವರೆಗೆ ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ನೀಡಿತ್ತಾದರೂ ಬಡ್ಡಿಯು ಬೆಳೆಯುತ್ತಲೇ ಇತ್ತು. ರಾಜ್ಯ ಸರ್ಕಾರವು ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 2020ರಲ್ಲಿ 5,000 ರೂ. ಮತ್ತು 2021ರಲ್ಲಿ 3,000 ರೂ. ಒಂದಾವರ್ತಿ ನೆರವು ಘೋಷಿಸಿತು. ಎರಡು ತಿಂಗಳು ವಾಹನ ನಿಂತ ಕುಟುಂಬಕ್ಕೆ ಇದು ಎಷ್ಟು ದಿನದ ಖರ್ಚೆಂಬುದನ್ನು ಓದುಗರೇ ಅಂದಾಜು ಮಾಡಬಹುದು. ಗಳಿಕೆಗೆ ಕನಿಷ್ಠ ಭದ್ರತೆ ಇಲ್ಲದೆ ದರಕ್ಕೆ ಮೇಲ್ಮಿತಿ ಮಾತ್ರ ಹಾಕಿದಲ್ಲಿ ವಾಹನವು ರಸ್ತೆಯಿಂದ ಮಾಯವಾಗುತ್ತದೆ, ಆಗ ಮೇಲ್ಮಿತಿಯು ಕಾಗದದ ಮೇಲಷ್ಟೇ ಉಳಿಯುತ್ತದೆ.

ವಿಮಾನ ದರಗಳ ವಿಷಯದಲ್ಲಿ ಕೇಂದ್ರವು ಈ ಅಂಶವನ್ನು ಗಮನದಲ್ಲಿರಿಸಿತ್ತು. ದೇಶೀಯ ವಿಮಾನ ಸಂಚಾರವು 2020ರ ಮೇ 25ರಂದು ಪುನರಾರಂಭವಾದಾಗ ಪ್ರಯಾಣದ ಅವಧಿಗೆ ಅನುಗುಣವಾಗಿ ಏಳು ವರ್ಗಗಳನ್ನು ಮಾಡಿ, ಗರಿಷ್ಠದ ಜೊತೆಗೆ ಕನಿಷ್ಠ ದರವನ್ನೂ ಗೊತ್ತುಪಡಿಸಲಾಯಿತು. ಈ ವ್ಯವಸ್ಥೆ 2022ರ ಆಗಸ್ಟ್ ಅಂತ್ಯದವರೆಗೆ ಇತ್ತು. ಬೆಂಗಳೂರಿನ ಟ್ಯಾಕ್ಸಿಗಳಿಗೆ ಸಂಬಂಧಿಸಿದಂತೆ 2021ರ ಫೆಬ್ರುವರಿಯಲ್ಲಿ ದರ ಪರಿಷ್ಕರಣೆಯಾಯಿತು. ಸಣ್ಣ ಕಾರಿಗೆ ಮೊದಲ 4 ಕಿ.ಮೀ.ಗೆ 75 ರೂ., ನಂತರ ಕಿ.ಮೀ.ಗೆ 18ರಿಂದ 36 ರೂ. ಎಂದಾಯಿತು. 2018ರ ದರದೊಡನೆ ಹೋಲಿಸಿದರೆ ತಿಳಿಯುವಂತೆ, ಕೋವಿಡ್ ಅವಧಿಯ ಅತಿ ದೊಡ್ಡ ಏರಿಕೆಯು ಅಧಿಕೃತ ಅಧಿಸೂಚನೆಯ ಮೂಲಕವೇ ಬಂದಿತ್ತು.

ತರುವಾಯದ ಬದಲಾವಣೆಗಳು

ಕೇಂದ್ರ ಸರ್ಕಾರವು 2020ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಏರಿಕೆಯು ಮೂಲ ದರದ ಒಂದೂವರೆ ಪಟ್ಟನ್ನು ಮೀರಬಾರದೆಂದೂ, ಇಳಿಕೆಯು ಅರ್ಧಕ್ಕಿಂತ ಕೆಳಗೆ ಹೋಗಬಾರದೆಂದೂ ತಿಳಿಸಿತ್ತು. 2025ರ ಜುಲೈನ ಮಾರ್ಗಸೂಚಿಯು ಮೇಲ್ಮಿತಿಯನ್ನು ಎರಡು ಪಟ್ಟಿಗೆ ಏರಿಸಿದೆ. ಇವು ರಾಜ್ಯಗಳಿಗೆ ನೀಡಿದ ಮಾರ್ಗದರ್ಶನಗಳು. ರಾಜ್ಯ ಸರ್ಕಾರವು ಅಳವಡಿಸಿಕೊಂಡು ಪ್ರಕಟಿಸಿದ ಹೊರತು, ಕೇಂದ್ರದ ಮಾರ್ಗಸೂಚಿಯಲ್ಲಿ ಎರಡು ಪಟ್ಟು ಎಂದಿದೆ ಎಂಬ ಕಾರಣಕ್ಕೆ ಕಾವೂರಿನಲ್ಲಿ ಎರಡು ಪಟ್ಟು ಕೇಳಲು ಬರುವುದಿಲ್ಲ.

ಆಟೋಗಳ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಕನಿಷ್ಠ ದರವು 30 ರೂ. ಇದ್ದಾಗ ಆ್ಯಪ್‌ಗಳಲ್ಲಿ 100 ರೂ. ವರೆಗೆ ವಸೂಲಾಗುತ್ತಿದೆ ಎಂಬ ದೂರುಗಳ ಮೇರೆಗೆ ಸಾರಿಗೆ ಇಲಾಖೆಯು 2022ರ ಅಕ್ಟೋಬರ್‌ನಲ್ಲಿ ಓಲಾ, ಊಬರ್ ಮತ್ತು ರ್‍ಯಾಪಿಡೊ ಸಂಸ್ಥೆಗಳ ಆಟೋ ಸೇವೆ ನಿಲ್ಲಿಸುವಂತೆ ಸೂಚಿಸಿತು. ವಿಷಯವು ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನಿಗದಿತ ದರದ ಮೇಲೆ ಶೇ. 5ರಷ್ಟು ಸೇವಾ ಶುಲ್ಕ ಮತ್ತು ಜಿ.ಎಸ್.ಟಿ. ಮಾತ್ರ ಪಡೆಯಬಹುದೆಂದು ಸರ್ಕಾರವು ಅದೇ ವರ್ಷದ ನವೆಂಬರ್‌ನಲ್ಲಿ ಹೊರಡಿಸಿದ ಆದೇಶವನ್ನು 2024ರ ಮೇ ತಿಂಗಳಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು.

ಪ್ರಯಾಣಿಕರು ಲೆಕ್ಕ ಹಾಕುವ ಕ್ರಮ

2024ರ ಫೆಬ್ರುವರಿಯ ಅಧಿಸೂಚನೆಯು ನಗರ ಟ್ಯಾಕ್ಸಿ ಮತ್ತು ಆ್ಯಪ್ ಟ್ಯಾಕ್ಸಿ ಎಂಬ ಭೇದವಿಲ್ಲದೆ ರಾಜ್ಯಾದ್ಯಂತ ಏಕರೂಪದ ದರ ವಿಧಿಸಿತು. ಮೊದಲಿನಂತೆ ‘ಇಷ್ಟರಿಂದ ಇಷ್ಟು’ ಎಂಬ ಅಂತರ ಇದರಲ್ಲಿಲ್ಲ, ಒಂದೇ ದರ. 10 ಲಕ್ಷ ರೂ. ವರೆಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂ., ನಂತರ ಪ್ರತಿ ಕಿ.ಮೀ.ಗೆ 24 ರೂ. 10ರಿಂದ 15 ಲಕ್ಷದ ವಾಹನಕ್ಕೆ 115 ರೂ. ಮತ್ತು 28 ರೂ. 15 ಲಕ್ಷ ಮೀರಿದ್ದಕ್ಕೆ 130 ರೂ. ಮತ್ತು 32 ರೂ. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರ ವರೆಗೆ ಶೇ. 10 ಹೆಚ್ಚು. ಆ್ಯಪ್ ಸಂಸ್ಥೆಗಳು ಶೇ. 5ರ ಜಿ.ಎಸ್.ಟಿ. ಮತ್ತು ಟೋಲ್ ಪಡೆಯಬಹುದು. ಕಾಯುವಿಕೆಗೆ ಮೊದಲ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ 1 ರೂ. ಲಗೇಜಿಗೆ 120 ಕಿಲೋವರೆಗೆ ಶುಲ್ಕವಿಲ್ಲ.

ಕಾವೂರಿನಿಂದ ಹಂಪನಕಟ್ಟೆಗೆ 9 ಕಿ.ಮೀ. ಎಂದಿಟ್ಟುಕೊಳ್ಳೋಣ. ಸಣ್ಣ ಕಾರಿಗೆ 100 ರೂ. ಮತ್ತು ಉಳಿದ 5 ಕಿ.ಮೀ.ಗೆ 120 ರೂ. ಸೇರಿ 220 ರೂ. ಆಗುತ್ತದೆ. ಜಿ.ಎಸ್.ಟಿ. 11 ರೂ. ಸೇರಿದರೆ 231 ರೂ. ಔಷಧ ಪಡೆಯುವಷ್ಟರಲ್ಲಿ ವಾಹನವು 35 ನಿಮಿಷ ಕಾದಿದ್ದರೆ ಅದಕ್ಕೆ 30 ರೂ. ರಾತ್ರಿ ಎರಡು ಗಂಟೆಯ ಪ್ರಯಾಣವಾದರೆ 220ರ ಬದಲು 242 ರೂ. ಮೂಲ ದರವಾಗುತ್ತದೆ. ದೇರಳಕಟ್ಟೆಗೆ 20 ಕಿ.ಮೀ. ಎಂದು ಹಿಡಿದರೆ ತೆರಿಗೆ ಹೊರತುಪಡಿಸಿ 484 ರೂ. ರಾತ್ರಿ ಹೊತ್ತಿನಲ್ಲಿ ಹಂಪನಕಟ್ಟೆಗೆ 500 ರೂ. ಕೇಳಿದವರಿಗೆ ಈ ಲೆಕ್ಕವನ್ನು ತೋರಿಸಬಹುದು. ಸದರಿ ಅಧಿಸೂಚನೆಗೆ ಆನಂತರ ತಿದ್ದುಪಡಿಯಾಗಿದೆಯೇ ಎಂಬುದನ್ನು ದೂರು ಸಲ್ಲಿಸುವ ಮುನ್ನ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಆಟೋ ದರ ಪಟ್ಟಿಯೂ ಅಲ್ಲಿಯೇ ಲಭ್ಯವಾಗುತ್ತದೆ.

ದೂರು ಸಲ್ಲಿಸುವ ವಿಧಾನ

ಆ್ಯಪ್ ಸೂಚಿಸಿದ ದರದ ಪರದೆಚಿತ್ರವನ್ನು ಪ್ರಯಾಣಕ್ಕೆ ಮುಂಚೆಯೇ ತೆಗೆದಿಟ್ಟುಕೊಳ್ಳುವುದು. ಪ್ರಯಾಣದ ನಂತರ ದಿನಾಂಕ, ಹತ್ತಿದ ಮತ್ತು ಇಳಿದ ಸ್ಥಳ, ಸಮಯ, ಕ್ರಮಿಸಿದ ದೂರ, ವಾಹನದ ಸಂಖ್ಯೆ, ತೆತ್ತ ಮೊತ್ತ ಇವುಗಳನ್ನು ಬರೆದಿಡುವುದು. ನಗದು ಕೊಟ್ಟಲ್ಲಿ ಪುರಾವೆ ಉಳಿಯುವುದಿಲ್ಲವಾದ್ದರಿಂದ ಸಾಧ್ಯವಿದ್ದಷ್ಟು ಮಟ್ಟಿಗೆ ಬ್ಯಾಂಕ್ ಖಾತೆ ಅಥವಾ ಯು.ಪಿ.ಐ. ಮೂಲಕ ಪಾವತಿಸುವುದು ಒಳಿತು. ಆ್ಯಪ್‌ನಲ್ಲಿ ಒಂದು ಮೊತ್ತ, ಚಾಲಕರಿಗೆ ಪಾವತಿಸಿದ್ದು ಇನ್ನೊಂದು ಮೊತ್ತ ಎಂಬುದು ದಾಖಲೆಯಲ್ಲಿ ಕಂಡುಬಂದರೆ ಬೇರೆ ಸಾಕ್ಷ್ಯದ ಅಗತ್ಯ ಬಹುತೇಕ ಬೀಳುವುದಿಲ್ಲ.

ಈ ವಿವರಗಳೊಡನೆ ಮಂಗಳೂರಿನ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಕಾನೂನುಬಾಹಿರವಾಗಿ ಬಾಡಿಗೆಗೆ ಬರಲು ನಿರಾಕರಿಸುವುದು ಅಧಿನಿಯಮದ ಪ್ರಕರಣ 178ರ ಪ್ರಕಾರ ದಂಡನೀಯವಾಗಿದೆ. ಹಣ ಹಿಂಪಡೆಯುವುದು ಉದ್ದೇಶವಾದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಎರಡು ವರ್ಷಗಳ ಒಳಗೆ ದೂರು ದಾಖಲಿಸಬಹುದು. 5 ಲಕ್ಷ ರೂ. ವರೆಗಿನ ಮೌಲ್ಯದ ದೂರುಗಳಿಗೆ ಶುಲ್ಕವಿಲ್ಲ. ನ್ಯಾಯವಾದಿಗಳನ್ನು ನೇಮಿಸಿಕೊಳ್ಳುವುದೂ ಕಡ್ಡಾಯವಲ್ಲ. ಪ್ರಾಥಮಿಕ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಮೇ ತಿಂಗಳಲ್ಲಿ ಓಲಾ ಮತ್ತು ಊಬರ್ ಸಂಸ್ಥೆಗಳಿಗೆ ನೋಟೀಸು ನೀಡಿತ್ತು. ಒಂದೇ ಪ್ರಯಾಣಕ್ಕೆ ಬೇರೆ ಬೇರೆ ಮಾದರಿಯ ಫೋನುಗಳಲ್ಲಿ ಬೇರೆ ದರ ತೋರಿಸಲಾಗುತ್ತಿದೆ ಎಂಬ ಆರೋಪದ ಬಗ್ಗೆ 2025ರ ಜನವರಿಯಲ್ಲಿ ಮತ್ತೆ ವಿವರಣೆ ಕೇಳಿತು. ಆದ್ದರಿಂದ ಅನುಮಾನವಿದ್ದಲ್ಲಿ ಮನೆಯವರ ಇನ್ನೊಂದು ಫೋನಿನಲ್ಲಿಯೂ ದರ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ.

ಸೋಂಕಿನ ಲಕ್ಷಣವುಳ್ಳವರು ಅಥವಾ ಉಸಿರಾಟದ ತೊಂದರೆ ಇರುವವರು ಸಾಮಾನ್ಯ ಟ್ಯಾಕ್ಸಿಯನ್ನು ಕರೆಸಬಾರದು. ಚಾಲಕರ ಹಾಗೂ ನಂತರದ ಪ್ರಯಾಣಿಕರ ಆರೋಗ್ಯಕ್ಕೆ ಅದು ಅಪಾಯ. 2008ರ ನವೆಂಬರ್‌ನಲ್ಲಿ ಆರಂಭವಾದ ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯನ್ನು 108 ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು. ಇದಕ್ಕೆ ಯಾವುದೇ ದರವಿಲ್ಲ. ಕರೆ ಮಾಡುವಾಗ ಕಾವೂರು ಎಂದಷ್ಟೇ ಹೇಳದೆ ಬೊಂದೇಲ್, ಕುಂಜತ್ತಬೈಲ್, ಮರಕಡ ಹೀಗೆ ನಿರ್ದಿಷ್ಟ ಭಾಗವನ್ನೂ ಸಮೀಪದ ಗುರುತನ್ನೂ ತಿಳಿಸಿದಲ್ಲಿ ವಾಹನವು ಬೇಗ ತಲುಪಲು ಅನುಕೂಲವಾಗುತ್ತದೆ.